ಮೂಲೆಯಲ್ಲಿ ನಿಂತಿದ್ದ ಪೆಟ್ರೋಲ್ ಇಂಜಿನ್ ಸ್ಟಾರ್ಟ್ ಆಗ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಜನರೇಟರ್ ಇರಲಿ, ನೀರೆತ್ತುವ ಪಂಪ್ ಇರಲಿ, ಹುಲ್ಲು ಕತ್ತರಿಸುವ ಯಂತ್ರ ಇರಲಿ, ಒಳಗೆ ಕೂತಿರುವುದು ಹೆಚ್ಚುಕಮ್ಮಿ ಒಂದೇ ಜಾತಿಯ ಪುಟ್ಟ ಇಂಜಿನ್. ಒಂದು ಸಿಲಿಂಡರ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಒಂದು ಕಾರ್ಬುರೇಟರ್, ಕಿಡಿ ಹೊತ್ತಿಸುವ ಒಂದು ಪ್ಲಗ್, ಎಳೆಯಲು ಒಂದು ಹಗ್ಗ. ಎತ್ತಿಟ್ಟ ದಿನ ಚೆನ್ನಾಗಿಯೇ ಓಡಿರುತ್ತದೆ. ಐದಾರು ತಿಂಗಳು ಬಿಟ್ಟು ಹಗ್ಗ ಎಳೆದರೆ ಕಮಕ್ ಕಿಮಕ್ ಅನ್ನುವುದಿಲ್ಲ. ಆ ಹೊತ್ತಿಗೆ ತಲೆಯಲ್ಲಿ ಏಳುವ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು, ಜಾಸ್ತಿ ಸಲ ಆಗುವಂಥದ್ದು ಮೊದಲು ಬರುತ್ತದೆ. ಹಾಗಾಗಿ ಮೇಲಿಂದ ಕೆಳಕ್ಕೆ ಓದಿಕೊಂಡು ಹೋಗಿ.

ಕೈ ಹಾಕುವ ಮುಂಚೆ ಎರಡು ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು ಹೋಗಿ ದೂರದ ಬೆಂಕಿಗೂ ತಗುಲಬಹುದು. ಬಯಲಿನಲ್ಲಿ, ಒಲೆ, ಸಿಗರೇಟು, ವೆಲ್ಡಿಂಗ್ ಏನೂ ಇಲ್ಲದ ಕಡೆ ಕೂತು ಕೆಲಸ ಮಾಡಿ. ಇನ್ನು ಬ್ಲೇಡ್ ಇರುವ ಯಂತ್ರವಾದರೆ, ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕೆ ಕಟ್ಟಿದ ಮೇಲೆಯೇ ಕೈ ಕೆಳಗೆ ಹೋಗಲಿ.

ಸುಮ್ನೆ ನಿಂತಿದ್ದ ಇಂಜಿನ್ ಕೆಡೋದು ಹೇಗೆ?

ಸಾಮಾನ್ಯವಾಗಿ ಇಂಜಿನ್ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅದರೊಳಗೆ ಉಳಿದ ಪೆಟ್ರೋಲ್.

ಪೆಟ್ರೋಲ್ ಅಂದರೆ ಒಂದೇ ದ್ರವ ಅಲ್ಲ, ನೂರಾರು ಬಗೆಯದು ಬೆರೆತ ಮಿಶ್ರಣ. ಅದರಲ್ಲಿ ಬೇಗ ಆವಿಯಾಗುವ ಹಗುರ ಭಾಗವೇ ತಣ್ಣಗಿರುವ ಇಂಜಿನ್ ಹೊತ್ತಿಕೊಳ್ಳಲು ನೆರವಾಗುವುದು. ನಿಲ್ಲಿಸಿಟ್ಟಾಗ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯ ಜೊತೆ ಸೇರಿ ನಿಧಾನಕ್ಕೆ ಅಂಟಾಗುತ್ತದೆ, ಆಮೇಲೆ ವಾರ್ನಿಷ್ ಹಚ್ಚಿದ ಹಾಗೆ ಗಟ್ಟಿಯಾಗುತ್ತದೆ. ಟ್ಯಾಂಕ್‌ನಲ್ಲಿ ಲೀಟರ್‌ಗಟ್ಟಲೆ ಇರುವುದರಿಂದ ಇದು ತಡವಾಗಿ ಕಾಣುತ್ತದೆ. ಕಾರ್ಬುರೇಟರ್‌ನ ಕೆಳಗಿನ ಬಟ್ಟಲಿನಲ್ಲಿ ಇರುವುದು ನಾಲ್ಕೈದು ಚಮಚ ಅಷ್ಟೇ. ಅದು ಬೇಗ ಒಣಗುತ್ತದೆ. ಇಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡುವ ಪುಟ್ಟ ತಿರುಪು ಪೈಲಟ್ ಜೆಟ್. ಅದರ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತಲೂ ಚಿಕ್ಕದು. ಅದನ್ನು ಮುಚ್ಚಲು ಒಂದು ತೆಳು ಪದರ ಸಾಕು.

ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಇನ್ನೊಂದು ತಾಪತ್ರಯ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಆ ನೀರನ್ನು ಕಟ್ಟಿಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕ್‌ನ ತಳಕ್ಕೆ ಇಳಿಯುತ್ತದೆ. ಇಂಜಿನ್ ಎಳೆದುಕೊಳ್ಳುವುದು ತಳದಿಂದಲೇ ಅಲ್ವಾ? ಹಾಗಾಗಿ ಮೇಲೆ ಎಷ್ಟು ಒಳ್ಳೆಯ ಪೆಟ್ರೋಲ್ ಇದ್ದರೂ ಅದಕ್ಕೆ ಮೊದಲು ಸಿಗುವುದು ಆ ಕಲಬೆರಕೆ ನೀರು.

ಪೆಟ್ರೋಲ್ ಎಷ್ಟು ದಿನ ಬಾಳುತ್ತದೆ?

ನನ್ನ ಲೆಕ್ಕ ಹೀಗೆ: ಒಂದು ತಿಂಗಳು ಚಿಂತೆ ಇಲ್ಲ, ಮೂರು ತಿಂಗಳಾದರೆ ಅನುಮಾನ, ಆರು ತಿಂಗಳಾದರೆ ಅದನ್ನು ನಂಬಿ ಹಗ್ಗ ಎಳೆಯುವುದಿಲ್ಲ. ಬಿಗಿಯಾಗಿ ಮುಚ್ಚಿದ, ಭರ್ತಿ ತುಂಬಿದ ಕ್ಯಾನ್ ತಂಪಿನಲ್ಲಿದ್ದರೆ ಇನ್ನೂ ಸ್ವಲ್ಪ ಬಾಳುತ್ತದೆ. ಅರ್ಧ ಖಾಲಿ ಟ್ಯಾಂಕ್ ಬಿಸಿಲಿನ ಶೆಡ್ಡಿನಲ್ಲಿದ್ದರೆ ಅಷ್ಟೂ ಇಲ್ಲ.

ಅನುಮಾನ ಬಂದರೆ ಗಾಜಿನ ಬಾಟಲಿಗೆ ಸ್ವಲ್ಪ ಸುರಿದು ಹತ್ತು ನಿಮಿಷ ಬಿಡಿ. ಬಣ್ಣ ಕಂದಾಗಿದೆಯಾ, ಹಳೇ ಪೇಂಟ್ ಡಬ್ಬಿ ತೆರೆದಂಥ ಹುಳಿ ವಾಸನೆ ಇದೆಯಾ, ತಳದಲ್ಲಿ ಬೇರೆ ಪದರ ಅಥವಾ ಗುಳ್ಳೆಯಂತೆ ನೀರಿನ ಹನಿ ಕೂತಿದೆಯಾ ನೋಡಿ. ಒಂದಿದ್ದರೂ ಪೂರ್ತಿ ಹೊರಗೆ ಹಾಕಿ. ಹಳೆಯದರ ಮೇಲೆ ಹೊಸದು ಸುರಿದು ಸರಿಹೋಗುತ್ತದೆ ಅಂತ ಕಾಯಬೇಡಿ.

ಮೊದಲು ಏನು ನೋಡಬೇಕು?

ಸ್ಪ್ಯಾನರ್ ಮುಟ್ಟುವ ಮೊದಲು ಕಣ್ಣಿಗೆ ಕೆಲಸ ಕೊಡಿ. ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಚೋಕ್ ಸರಿಯಾದ ಕಡೆಗೆ ತಿರುಗಿದೆಯಾ? ತಣ್ಣಗಿನ ಇಂಜಿನ್‌ಗೆ ಚೋಕ್ ಹಾಕಲೇಬೇಕು, ಅಂದರೆ ಗಾಳಿ ಬರುವ ದಾರಿ ಮುಚ್ಚಿರಬೇಕು. ಪ್ಲಗ್ ಕ್ಯಾಪ್ ಗಟ್ಟಿಯಾಗಿ ಕೂತಿದೆಯಾ? ಹುಲ್ಲು ಯಂತ್ರವಾದರೆ ಹಿಡಿಕೆಯ ಸೇಫ್ಟಿ ಸರಳನ್ನು ಒತ್ತಿ ಹಿಡಿದಿದ್ದೀರಾ?

ನಗಬೇಡಿ. ನಾನು ಒಮ್ಮೆ ಎರಡು ದಿನ ಕಾರ್ಬುರೇಟರ್ ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ಬಿಚ್ಚಿದ್ದೇನೆ. ಮೂರನೇ ದಿನ ಗೊತ್ತಾಗಿದ್ದು ಸ್ವಿಚ್ ಆಫ್ ಇತ್ತು ಅಂತ. ಎತ್ತಿಡುವಾಗ ನಾನೇ ಆಫ್ ಮಾಡಿದ್ದೆ.

ಇನ್ನೊಂದು ಮೋಸ ಮಾಡುವುದು ಆಯಿಲ್ ಸೆನ್ಸರ್. ಎಷ್ಟೋ ಫೋರ್ ಸ್ಟ್ರೋಕ್ (ಆಯಿಲ್ ಬೇರೆಯಾಗಿ ಹಾಕುವ) ಇಂಜಿನ್‌ಗಳಲ್ಲಿ, ಅದರಲ್ಲೂ ಜನರೇಟರ್‌ಗಳಲ್ಲಿ, ಆಯಿಲ್ ಕಮ್ಮಿಯಾದರೆ ಕಿಡಿಯನ್ನೇ ನಿಲ್ಲಿಸುವ ಸೆನ್ಸರ್ ಇರುತ್ತದೆ. ಯಂತ್ರ ಓರೆಯಾಗಿ ನಿಂತಿದ್ದರೂ ಅದು ಆಯಿಲ್ ಕಮ್ಮಿ ಅಂತಲೇ ತಿಳಿದುಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ಕಡ್ಡಿ ತೆಗೆದು ನೋಡಿ.

ಕಡ್ಡಿ ನೋಡಿದೆ. ಆಯಿಲ್ ಜಾಸ್ತಿ ಆಗಿದೆ! ಯಾರೂ ಹಾಕಿಲ್ಲ.

ಕಡ್ಡಿಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಕಾರ್ಬುರೇಟರ್‌ನ ಬಟ್ಟಲು ತುಂಬಿದ ಮೇಲೆ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚದೆ, ಕಾಕ್ ತೆರೆದೇ ಇದ್ದು, ತಿಂಗಳುಗಟ್ಟಲೆ ಪೆಟ್ರೋಲ್ ಸೋರಿ ಸಿಲಿಂಡರ್ ಮೂಲಕ ಕೆಳಗಿನ ಆಯಿಲ್‌ಗೆ ಇಳಿದಿದೆ. ಈ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಲೇಬೇಡಿ. ತೆಳುವಾದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ. ಪೂರ್ತಿ ಆಯಿಲ್ ಬಸಿದು ಹೊಸದು ಹಾಕಿ, ಸೂಜಿ ಸರಿ ಮಾಡಿ, ಆಮೇಲೆ ಮುಂದಿನ ಮಾತು.

ಹಗ್ಗ ಎಳೆಯೋಕೇ ಆಗ್ತಿಲ್ಲ, ಕಲ್ಲಿನ ಹಾಗೆ ಹಿಡಿದುಕೊಂಡಿದೆ.

ಬಲ ಹಾಕಬೇಡಿ. ಪ್ಲಗ್ ಬಿಚ್ಚಿ ಮತ್ತೆ ಮೆಲ್ಲಗೆ ಎಳೆಯಿರಿ. ಈಗ ತಿರುಗಿದರೆ ಸಿಲಿಂಡರ್ ಒಳಗೆ ಆಯಿಲ್ ಅಥವಾ ಪೆಟ್ರೋಲ್ ತುಂಬಿತ್ತು ಅಂತ ಅರ್ಥ. ಯಂತ್ರವನ್ನು ತಪ್ಪು ಮಗ್ಗುಲಿಗೆ ಮಲಗಿಸಿ ಇಟ್ಟರೆ ಹೀಗಾಗುತ್ತದೆ. ದ್ರವವನ್ನು ಹಿಂಡಲು ಆಗುವುದಿಲ್ಲ, ಹಾಗಾಗಿ ಪಿಸ್ಟನ್ ಮೇಲೆ ಬರಲು ಜಾಗ ಇರುವುದಿಲ್ಲ. ಪ್ಲಗ್ ತೂತಿನ ಮೇಲೆ ಬಟ್ಟೆ ಮುಚ್ಚಿ, ಮುಖ ಆಚೆಗೆ ಇಟ್ಟುಕೊಂಡು ಹತ್ತು ಸಲ ಎಳೆದರೆ ಒಳಗಿದ್ದದ್ದು ಹೊರಗೆ ಚಿಮ್ಮುತ್ತದೆ.

ಪ್ಲಗ್ ತೆಗೆದರೂ ತಿರುಗದಿದ್ದರೆ ಮೊದಲು ಬ್ಲೇಡ್‌ಗೆ ಒಣಹುಲ್ಲು ಸುತ್ತಿಕೊಂಡಿದೆಯಾ ನೋಡಿ. ಅದೂ ಇಲ್ಲದಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ತುಕ್ಕು ಹಿಡಿದು ಸಿಲಿಂಡರ್‌ಗೆ ಅಂಟಿರಬಹುದು. ಪ್ಲಗ್ ತೂತಿನಿಂದ ತೆಳು ಆಯಿಲ್ ಎರಡು ಚಮಚ ಬಿಟ್ಟು ಒಂದೆರಡು ದಿನ ಕಾಯಿರಿ. ಆಮೇಲೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಾಡಿಸಿ. ಬಿಟ್ಟುಕೊಂಡರೆ ನಿಮ್ಮ ಅದೃಷ್ಟ.

ಎಷ್ಟು ಸಲ ಎಳೆದು ನೋಡಬೇಕು?

ಹೊಸ ಪೆಟ್ರೋಲ್, ಚೋಕ್ ಹಾಕಿ, ಆರು ಸಲ. ಅಷ್ಟರಲ್ಲಿ ಒಂದು ಕೆಮ್ಮೂ ಬರದಿದ್ದರೆ ಅರವತ್ತು ಸಲ ಎಳೆದರೂ ಬರುವುದಿಲ್ಲ. ಹಗ್ಗ ಬಿಟ್ಟು ಪ್ಲಗ್ ಬಿಚ್ಚಿ. ಸಿಟ್ಟಿನಲ್ಲಿ ಎಳೆದೂ ಎಳೆದೂ ಹಗ್ಗವನ್ನೋ ಭುಜವನ್ನೋ ಕಳೆದುಕೊಂಡವರು ಬೇಕಾದಷ್ಟು ಜನ.

ಬಿಚ್ಚಿದ ಪ್ಲಗ್‌ನ ತುದಿ ನೋಡಿ. ಇಡೀ ತನಿಖೆಯಲ್ಲಿ ಜಾಸ್ತಿ ಮಾತಾಡುವ ಸಾಕ್ಷಿ ಇದು. ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಅನುಮಾನ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ, ಕಾರ್ಬುರೇಟರ್ ಅನುಮಾನ. ಎತ್ತಿಟ್ಟ ಇಂಜಿನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಒಣ ಪ್ಲಗ್.

ಪ್ಲಗ್ ಒದ್ದೆ ಆಗಿದೆ. ಈಗ?

ಮೊದಲ ಅನುಮಾನ ಓವರ್‌ಫ್ಲೋ, ಅಂದರೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿರುವುದು. ಚೋಕ್ ಹಾಕಿಕೊಂಡೇ ಬಹಳ ಹೊತ್ತು ಎಳೆದರೆ ಹೀಗಾಗುತ್ತದೆ. ಪ್ಲಗ್ ಒರೆಸಿ ಒಣಗಿಸಿ. ಕಾಕ್ ಮುಚ್ಚಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಪ್ಲಗ್ ಇಲ್ಲದೆಯೇ ಐದಾರು ಸಲ ಎಳೆಯಿರಿ. ಒಳಗಿನ ಹೆಚ್ಚುವರಿ ಪೆಟ್ರೋಲ್ ಗಾಳಿಯ ಜೊತೆ ಹೊರಗೆ ಹೋಗುತ್ತದೆ. ಸ್ವಿಚ್ ಆಫ್ ಇರಲಿ, ಪ್ಲಗ್ ಕ್ಯಾಪ್ ದೂರ ಇರಲಿ. ಹತ್ತು ನಿಮಿಷ ಬಿಟ್ಟು ಪ್ಲಗ್ ಹಾಕಿ, ಚೋಕ್ ಇಲ್ಲದೆ ಎಳೆಯಿರಿ. ಬಹಳ ಸಲ ಇಷ್ಟಕ್ಕೇ ಹೊತ್ತಿಕೊಳ್ಳುತ್ತದೆ.

ಕಿಡಿ ಬರ್ತಿದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ?

ಸಿಲಿಂಡರ್‌ನ ತೂತಿಗೆ ಬಟ್ಟೆ ಮುಚ್ಚಿ, ಚೆಲ್ಲಿದ ಪೆಟ್ರೋಲ್ ಒರೆಸಿ, ಆವಿ ಹೋಗುವ ತನಕ ಕಾಯಿರಿ. ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ. ಅದರ ಮೈಯನ್ನು ತೂತಿನಿಂದ ದೂರದಲ್ಲಿ ಇಂಜಿನ್‌ನ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದರೆ ಕೈಗೆ ಶಾಕ್ ಹೊಡೆಯುವುದಿಲ್ಲ. ನೆರಳಿನಲ್ಲಿ ನಿಂತು ಇನ್ನೊಬ್ಬರಿಂದ ಹಗ್ಗ ಎಳೆಸಿ. ನೀಲಿಯಾಗಿ, ಚಟ್ ಅಂತ ಸದ್ದು ಮಾಡುವ ಕಿಡಿ ಬೇಕು. ಕೆಂಪಗೆ ಬಡಕಲಾಗಿ ಬಂದರೆ ಅದು ಸಿಲಿಂಡರ್‌ನ ಒತ್ತಡದ ಒಳಗೆ ನಿಲ್ಲುವುದಿಲ್ಲ.

ಕ್ಯಾಪ್ ಮತ್ತು ಪ್ಲಗ್ ನಡುವೆ ಸಿಕ್ಕಿಸುವ ಪುಟ್ಟ ಸ್ಪಾರ್ಕ್ ಟೆಸ್ಟರ್ ಸಿಕ್ಕರೆ ಈ ಸರ್ಕಸ್ಸೇ ಬೇಡ.

ಕಿಡಿ ಇಲ್ಲ. ಕಾಯಿಲ್ ಹೋಯ್ತಾ?

ಕಾಯಿಲ್ ಅಂದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಹುಟ್ಟಿಸುವ ಸುರುಳಿ. ಅಷ್ಟು ಬೇಗ ಅದರ ಮೇಲೆ ತಪ್ಪು ಹೊರಿಸಬೇಡಿ. ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಹಳೆಯದನ್ನೇ ಬಳಸುವುದಾದರೆ ಮಸಿ ಕೆರೆದು, ತುದಿಯಲ್ಲಿ ಕಿಡಿ ಹಾರುವ ಸಂದು, ಅಂದರೆ ಗ್ಯಾಪ್ ಅಳೆಯಿರಿ. ಫೋರ್ ಸ್ಟ್ರೋಕ್ ಪುಟ್ಟ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.7 ರಿಂದ 0.8 ಮಿಲಿಮೀಟರ್ ಇರುತ್ತದೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ.

ಆಮೇಲೆ ಕಾಯಿಲ್‌ನಿಂದ ಸ್ವಿಚ್‌ಗೆ ಹೋಗುವ ಸಣ್ಣ ವೈರ್ ಬಿಡಿಸಿ ಮತ್ತೆ ಕಿಡಿ ನೋಡಿ. ಈಗ ಬಂದರೆ ಕಾಯಿಲ್ ಚೆನ್ನಾಗಿದೆ. ತಪ್ಪು ಇರುವುದು ಸ್ವಿಚ್‌ನಲ್ಲಿ, ಆಯಿಲ್ ಸೆನ್ಸರ್‌ನಲ್ಲಿ ಅಥವಾ ಇಲಿ ಕಡಿದ ವೈರ್‌ನಲ್ಲಿ. ಇದು ಪರೀಕ್ಷೆಗೆ ಮಾತ್ರ. ಆ ವೈರ್ ಇಲ್ಲದೆ ಇಂಜಿನ್ ಓಡಿಸಿದರೆ ಸ್ವಿಚ್ ಒತ್ತಿದರೂ ನಿಲ್ಲುವುದಿಲ್ಲ.

ತೇವದ ಜಾಗದಲ್ಲಿಟ್ಟ ಇಂಜಿನ್ ಆದರೆ ಹಗ್ಗ ಎಳೆದಾಗ ತಿರುಗುವ ಭಾರದ ಚಕ್ರದ (ಫ್ಲೈವೀಲ್) ಮ್ಯಾಗ್ನೆಟ್ ಮತ್ತು ಕಾಯಿಲ್‌ನ ಕಾಲುಗಳ ಮೇಲೆ ತುಕ್ಕು ಕೂತಿರುತ್ತದೆ. ಮೇಲಿನ ಕವರ್ ಬಿಚ್ಚಿ ತೆಳು ಎಮೆರಿ ಕಾಗದದಿಂದ ಉಜ್ಜಿ. ಕಾಯಿಲ್ ಸಡಿಲಿಸಿದ್ದರೆ ಮತ್ತೆ ಕೂರಿಸುವಾಗ ಮ್ಯಾಗ್ನೆಟ್‌ಗೂ ಅದಕ್ಕೂ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ ಕಾರ್ಡ್ ಎಳೆದುಬಿಡಿ. ಬೇಕಾದ ಸಂದು ಸುಮಾರು ಅಷ್ಟೇ, ಕಾಲು ಮಿಲಿಮೀಟರ್‌ನ ಆಸುಪಾಸು. ಇಷ್ಟಾದರೂ ಕಿಡಿ ಇಲ್ಲದಿದ್ದರೆ ಆಗ ಹೊಸ ಕಾಯಿಲ್.

ಕಿಡಿ ಚೆನ್ನಾಗಿದೆ, ಪ್ಲಗ್ ಒಣಗಿದೆ. ಕಾರ್ಬುರೇಟರ್ ಬಿಚ್ಚಲೇಬೇಕಾ?

ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ. ಪ್ಲಗ್ ತೂತಿಗೆ ಕಾಲು ಚಮಚ ಹೊಸ ಪೆಟ್ರೋಲ್ ಬಿಟ್ಟು, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿದು ಎಳೆಯಿರಿ. ಒಂದೆರಡು ಸೆಕೆಂಡ್ ಓಡಿ ನಿಂತರೆ ಕಿಡಿ, ಒತ್ತಡ ಎರಡೂ ಸರಿ ಇವೆ. ಪೆಟ್ರೋಲ್ ದಾರಿ ಮಾತ್ರ ಕಟ್ಟಿಕೊಂಡಿದೆ.

ಆ ದಾರಿಯನ್ನು ಟ್ಯಾಂಕ್ ಕಡೆಯಿಂದ ಹಿಡಿದು ಬನ್ನಿ. ಕಾರ್ಬುರೇಟರ್‌ಗೆ ಬರುವ ಪೈಪ್ ಕಿತ್ತು ಡಬ್ಬಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ಫಿಲ್ಟರ್ ಅಥವಾ ಕಾಕ್ ಕಟ್ಟಿದೆ. ಧಾರೆ ಚೆನ್ನಾಗಿದ್ದರೆ ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಹಳೆಯದನ್ನು ಬಸಿದು, ಹೊಸದು ತುಂಬಲು ಒಂದು ನಿಮಿಷ ಬಿಟ್ಟು ಎಳೆಯಿರಿ. ಟ್ಯಾಂಕ್‌ಗೆ ಹೊಸ ಪೆಟ್ರೋಲ್ ಹಾಕಿದರೂ ಬಟ್ಟಲಿನಲ್ಲಿ ಹಳೆಯದೇ ಕೂತಿರುತ್ತದೆ ಅನ್ನುವುದು ಸುಮಾರು ಜನಕ್ಕೆ ಹೊಳೆಯುವುದೇ ಇಲ್ಲ.

ಇದಕ್ಕೂ ಬಗ್ಗದಿದ್ದರೆ ಬಿಚ್ಚಿ.

ಕಾರ್ಬುರೇಟರ್ ತೊಳೆಯೋದು ಹೇಗೆ? ಭಯ ಆಗುತ್ತೆ.

ಭಯ ಬೇಡ, ಅವಸರವೂ ಬೇಡ. ಫೋನ್ ತೆಗೆದು ನಾಲ್ಕು ಕಡೆಯಿಂದ ಫೋಟೋ ಹಿಡಿಯಿರಿ. ಮುಖ್ಯವಾಗಿ ವೇಗವನ್ನು ಹದದಲ್ಲಿಡುವ ಗವರ್ನರ್ ಸ್ಪ್ರಿಂಗ್ ಯಾವ ತೂತಿನಲ್ಲಿ ಸಿಕ್ಕಿದೆ ಅನ್ನುವುದು ಫೋಟೋದಲ್ಲಿ ಕಾಣಬೇಕು. ತಪ್ಪು ತೂತಿಗೆ ಹಾಕಿದರೆ ಇಂಜಿನ್ ಹದ ತಪ್ಪಿ ಕಿರುಚುತ್ತದೆ. ಕಾಕ್ ಮುಚ್ಚಿ, ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರ್ ಹೊರಗೆ ತನ್ನಿ. ಬಿಳಿ ತಟ್ಟೆಯ ಮೇಲೆ ಕೆಲಸ ಮಾಡಿ, ಚೂರುಗಳು ಕಳೆಯುವುದಿಲ್ಲ.

ಕೆಳಗಿನ ಬೋಲ್ಟ್ ತೆಗೆದರೆ ಬಟ್ಟಲು ಕೈಗೆ ಬರುತ್ತದೆ. ಬೋಲ್ಟನ್ನೇ ಗಮನಿಸಿ: ಕೆಲವು ಇಂಜಿನ್‌ಗಳಲ್ಲಿ ಅದರೊಳಗೇ ಜೆಟ್ ಇರುತ್ತದೆ. ಬಟ್ಟಲಿನಲ್ಲಿ ಕಂದು ಅಂಟು ಕಂಡರೆ ಅದು ಒಣಗಿದ ಪೆಟ್ರೋಲ್. ಬಿಳಿ ಅಥವಾ ಹಸಿರು ಪುಡಿ ಕಂಡರೆ ನೀರು ಸೇರಿ ಲೋಹವನ್ನು ತಿಂದಿದೆ. ಫ್ಲೋಟ್‌ನ ಪಿನ್ ಎಳೆದು ಫ್ಲೋಟ್ ಮತ್ತು ಸೂಜಿ ಬಿಡಿಸಿ. ನಡುವಿನ ಕಂಬದಲ್ಲಿ ಮೇನ್ ಜೆಟ್ ಇದೆ, ಅದರ ಮೇಲೆ ಪಕ್ಕದಲ್ಲೆಲ್ಲ ತೂತಿರುವ ಪುಟ್ಟ ಕೊಳವೆ. ಹಿತ್ತಾಳೆಯ ಜೆಟ್ ಮೆತ್ತಗಿರುತ್ತದೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಲೆ ಹರಿದುಹೋಗುತ್ತದೆ.

ಪೈಲಟ್ ಜೆಟ್ ಬೇರೆ ಕಡೆ, ಐಡ್ಲಿಂಗ್ ಸ್ಕ್ರೂ ಕೆಳಗೆ ಅಡಗಿರಬಹುದು. ಎಷ್ಟೋ ಜನ ಮೇನ್ ಜೆಟ್ ತೊಳೆದು ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಇಂಜಿನ್ ಚೋಕ್ ಬಿಟ್ಟರೆ ನಿಲ್ಲುತ್ತದೆ ಅಂತ ಗೊಣಗುತ್ತಾರೆ. ಪೆಟ್ರೋಲ್, ಗಾಳಿಯ ಹದ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಇದ್ದರೆ, ತೆಗೆಯುವ ಮುಂಚೆ ಒಳಕ್ಕೆ ಪೂರ್ತಿ ತಿರುಗಿಸಿ ಎಷ್ಟು ಸುತ್ತಾಯಿತು ಅಂತ ಬರೆದುಕೊಳ್ಳಿ. ಮರಳಿ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ.

ರಬ್ಬರ್ ಭಾಗಗಳನ್ನೆಲ್ಲ ಪಕ್ಕಕ್ಕಿಟ್ಟು, ಉಳಿದ ಪ್ರತಿ ತೂತಿಗೂ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಬೇಕು. ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ಚಿಮ್ಮಿ ನೇರ ಮುಖಕ್ಕೆ ಬರುತ್ತದೆ. ಗಾಳಿ ಪಂಪ್‌ನಿಂದ ಊದಿ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ಒಳಗೆ ದುಂಡಗಿನ ಚುಕ್ಕಿ ಸ್ಪಷ್ಟವಾಗಿ ಕಾಣಬೇಕು. ಅರೆಬರೆ ಕಂಡರೆ ವೈರ್‌ನೊಳಗಿನ ಒಂದೆಳೆ ತಾಮ್ರದ ತಂತಿ ತೂರಿಸಿ. ಹೊಲಿಗೆ ಸೂಜಿ, ಡ್ರಿಲ್ ಬಿಟ್ ಬೇಡವೇ ಬೇಡ, ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ತಪ್ಪುತ್ತದೆ.

ಜೋಡಿಸುವಾಗ ಗ್ಯಾಸ್ಕೆಟ್‌ಗಳು, ಅಂದರೆ ಸಂದು ಮುಚ್ಚುವ ತೆಳು ಹಾಳೆಗಳು, ಇದ್ದ ಜಾಗಕ್ಕೇ, ಇದ್ದ ಮಗ್ಗುಲಿಗೇ ಬರಬೇಕು. ಕಾಕ್ ತೆರೆದ ಮೇಲೆ ಕಾರ್ಬುರೇಟರ್‌ನಿಂದ ಪೆಟ್ರೋಲ್ ಸುರಿದರೆ ಸೂಜಿಯ ತುದಿಗೆ ಕಸ ಸಿಕ್ಕಿದೆ ಅಥವಾ ಫ್ಲೋಟ್ ಒಳಗೆ ಪೆಟ್ರೋಲ್ ಹೊಕ್ಕು ಮುಳುಗಿದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಲೋಹ ತಿಂದುಹೋಗಿದ್ದರೆ ತೊಳೆಯುತ್ತಾ ಕೂರಬೇಡಿ, ಹೊಸ ಕಾರ್ಬುರೇಟರ್ ಹಾಕಿ.

ಚೋಕ್ ಹಾಕಿದ್ರೆ ಮಾತ್ರ ಓಡುತ್ತೆ. ಇಲ್ಲಾಂದ್ರೆ ಏರಿಳಿತ.

ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆಗುತ್ತಿದೆ. ಪೈಲಟ್ ಜೆಟ್ ಅರ್ಧ ಕಟ್ಟಿದೆ ಅಥವಾ ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆ. ಮೇಲಿನ ಉತ್ತರಕ್ಕೆ ವಾಪಸ್ ಹೋಗಿ, ಈ ಸಲ ಪೈಲಟ್ ಜೆಟ್ ಬಿಡಬೇಡಿ.

ಐದು ನಿಮಿಷ ಚೆನ್ನಾಗಿ ಓಡಿ ತಾನಾಗೇ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತೆ.

ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ಸಡಿಲಿಸಿ. ಉಸ್ಸ್ ಅಂತ ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿಬಿದ್ದ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಧೂಳಿನಿಂದ ಮುಚ್ಚಿದೆ. ತೊಳೆದು ಊದಿದರೆ ಆಯಿತು.

ಟೂ ಸ್ಟ್ರೋಕ್ ಇಂಜಿನ್‌ಗೂ ಇದೇನಾ?

ಟೂ ಸ್ಟ್ರೋಕ್ ಅಂದರೆ ಆಯಿಲನ್ನು ಪೆಟ್ರೋಲ್‌ಗೇ ಬೆರೆಸಿ ಹಾಕುವ ಇಂಜಿನ್. ದಾರಿ ಇದೇ, ಕೆಲವು ತಿರುವು ಬೇರೆ. ಕಳೆ ಯಂತ್ರ, ಚೈನ್ ಸಾಗಳಲ್ಲಿ ಸಾಮಾನ್ಯವಾಗಿ ಫ್ಲೋಟ್ ಇರುವುದಿಲ್ಲ. ಬದಲಿಗೆ ತೆಳು ರಬ್ಬರಿನಂಥ ಡಯಾಫ್ರಾಮ್ ಇರುತ್ತದೆ. ಹೇಗೆ ಓರೆಯಾಗಿ ಹಿಡಿದರೂ ಓಡಲಿ ಅಂತ ಈ ಏರ್ಪಾಡು. ನಿಲ್ಲಿಸಿಟ್ಟಾಗ ಇದು ಒಣಗಿ ಬಿರುಸಾಗುತ್ತದೆ. ಮೆತ್ತಗೆ ಬಾಗಬೇಕಾದ್ದು ಕಾಗದದ ಹಾಗೆ ಚರಚರ ಅಂದರೆ ಬದಲಿಸಬೇಕು. ಡಯಾಫ್ರಾಮ್ ಮತ್ತು ಗ್ಯಾಸ್ಕೆಟ್ ಸೇರಿದ ಕಿಟ್ ಸಿಗುತ್ತದೆ.

ಒತ್ತುವ ರಬ್ಬರ್ ಬುರುಡೆ, ಅದೇ ಪ್ರೈಮರ್ ಬಲ್ಬ್, ಬಿರುಕು ಬಿಟ್ಟಿದ್ದರೆ ಅಥವಾ ಒತ್ತಿದರೆ ಬರೀ ಗಾಳಿ ಬಂದರೆ ಪೈಪ್‌ಗಳನ್ನು ನೋಡಿ. ಟ್ಯಾಂಕ್ ಒಳಗೆ ಪೈಪ್ ಬಾಗಿಸಿದ ಕಡೆ ಹರಿದಿರುತ್ತದೆ. ಪೈಪ್ ತುದಿಯಲ್ಲಿ ನೇತಾಡುವ ಪುಟ್ಟ ಫಿಲ್ಟರ್ ಕೂಡ ಅಂಟಿನಿಂದ ಕಟ್ಟಿರುತ್ತದೆ, ಕೊಕ್ಕೆ ತಂತಿಯಿಂದ ಹೊರಗೆಳೆದು ಬದಲಿಸಿ.

ಮಿಶ್ರಣ ಮಾಡುವಾಗ ಲೆಕ್ಕ ನೆನಪಿರಲಿ. 50ಕ್ಕೆ 1 ಅಂದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್. 40ಕ್ಕೆ 1 ಆದರೆ 25. 25ಕ್ಕೆ 1 ಆದರೆ 40. ಆಯಿಲ್ ಹಾಕದ ಬರೀ ಪೆಟ್ರೋಲ್ ಹಾಕಿದರೆ ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಕೊನೇ ಸಲ.

ಸ್ಟಾರ್ಟಿಂಗ್ ಸ್ಪ್ರೇ ಹೊಡೆದ್ರೆ ಆಗಲ್ವಾ?

ಗಾಳಿ ದಾರಿಗೆ ಹೊಡೆಯುವ, ಬೇಗ ಹೊತ್ತಿಕೊಳ್ಳುವ ಸ್ಪ್ರೇ ತಾನೆ? ಆಗುತ್ತದೆ, ಅಲ್ಲೇ ತೊಂದರೆ. ಎರಡು ಸೆಕೆಂಡ್ ಓಡಿಸಿ ಆಸೆ ಹುಟ್ಟಿಸುತ್ತದೆ, ಕಟ್ಟಿದ ಜೆಟ್ ಹಾಗೇ ಇರುತ್ತದೆ. ಜಾಸ್ತಿ ಹೊಡೆದರೆ ಇಂಜಿನ್ ಒಳಗೆ ಬಡಿತ ಎದ್ದು ಪೆಟ್ಟು ಬೀಳುತ್ತದೆ. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಸ್ಪ್ರೇಯಲ್ಲಿ ಆ ಆಯಿಲ್ ಇಲ್ಲ, ಸಾಲದ್ದಕ್ಕೆ ಸಿಲಿಂಡರ್ ಗೋಡೆಯ ಮೇಲಿದ್ದದ್ದನ್ನೂ ತೊಳೆದುಬಿಡುತ್ತದೆ. ಪರೀಕ್ಷೆ ಮಾಡಲೇಬೇಕಿದ್ದರೆ ಕಾಲು ಚಮಚ ಪೆಟ್ರೋಲ್ ಸಾಕು. ಟೂ ಸ್ಟ್ರೋಕ್ ಆದರೆ ಆಯಿಲ್ ಬೆರೆಸಿದ ಪೆಟ್ರೋಲ್.

ಕಿಡಿ ಇದೆ, ಪೆಟ್ರೋಲ್ ಇದೆ. ಆದ್ರೂ ಇಲ್ಲ!

ಹಾಗಾದರೆ ಗಾಳಿಯ ದಾರಿ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಹತ್ತಿ, ಕಾಗದ ತುಂಬಿ ಗೂಡು ಮಾಡಿರಬಹುದು. ಸೈಲೆನ್ಸರ್ ಬಾಯಿಗೆ ಕಣಜ ಮಣ್ಣು ಮೆತ್ತಿರಬಹುದು. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಫೋಮ್ ಫಿಲ್ಟರ್ ಮುಟ್ಟಿದರೆ ಪುಡಿಯಾಗುವಷ್ಟು ಹಳತಾಗಿದ್ದರೆ ಆ ಪುಡಿಯೂ ಒಳಗೆ ಹೋಗಿರುತ್ತದೆ.

ಅದೂ ಸರಿ ಇದ್ದರೆ ಒತ್ತಡ. ಪ್ಲಗ್ ತೂತಿಗೆ ಹೆಬ್ಬೆರಳು ಅಮುಕಿ ಹಿಡಿದು ಹಗ್ಗ ಎಳೆಯಿರಿ. ಬೆರಳನ್ನು ನೂಕುವಷ್ಟು ಗಾಳಿ ಬರಬೇಕು. ಬರದಿದ್ದರೆ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ತೆರೆದ ಸ್ಥಿತಿಯಲ್ಲೇ ತುಕ್ಕು, ಅಂಟು ಹಿಡಿದು ಸಿಕ್ಕಿಕೊಂಡಿರಬಹುದು. ವಾಲ್ವ್ ಕವರ್ ಬಿಚ್ಚಿ ಹಗ್ಗ ಎಳೆದರೆ ಎರಡೂ ಏರಿ ಇಳಿಯುತ್ತಿವೆಯಾ ಕಾಣುತ್ತದೆ. ಸಿಕ್ಕಿಕೊಂಡದ್ದರ ಕಾಂಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ.

ಎಳೆದಾಗ ಹಗ್ಗ ಕೈಯಿಂದ ಕಿತ್ತುಕೊಂಡು ವಾಪಸ್ ಹೊಡೆದರೆ, ಅಥವಾ ಕಾರ್ಬುರೇಟರ್ ಬಾಯಿಂದ ಢಬ್ ಅಂತ ಬೆಂಕಿ ಬಂದರೆ, ಫ್ಲೈವೀಲನ್ನು ಜಾಗದಲ್ಲಿ ಹಿಡಿದಿಡುವ ಕೀ ಕತ್ತರಿಸಿ ಟೈಮಿಂಗ್, ಅಂದರೆ ಕಿಡಿ ಬರುವ ಹೊತ್ತು, ತಪ್ಪಿರಬಹುದು. ಎತ್ತಿಡುವ ಮುಂಚೆ ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಿತ್ತಾ ನೆನಪು ಮಾಡಿಕೊಳ್ಳಿ. ಫ್ಲೈವೀಲ್ ಎಳೆಯಲು ಪುಲ್ಲರ್ ಬೇಕು. ಅದು ಇಲ್ಲದಿದ್ದರೆ ಇಲ್ಲಿಂದ ಮುಂದೆ ಮೆಕ್ಯಾನಿಕ್ ಕೈಗೆ ಕೊಡುವುದೇ ವಾಸಿ.

ಸೆಲ್ಫ್ ಸ್ಟಾರ್ಟ್ ಇದೆ. ಬಟನ್ ಒತ್ತಿದ್ರೆ ಟಕ್ ಅಂತ ಮಾತ್ರ ಅನ್ನುತ್ತೆ.

ಬ್ಯಾಟರಿ ಇಳಿದಿದೆ. 12 ವೋಲ್ಟ್ ಬ್ಯಾಟರಿ ಭರ್ತಿ ಇದ್ದರೆ ಸುಮ್ಮನಿರುವಾಗ 12.6ರಷ್ಟು ತೋರಿಸಬೇಕು. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್‌ಗೆ ಹಾಕಿ. ಟರ್ಮಿನಲ್ ಮೇಲಿನ ಬಿಳಿ ಹೂವು ಕೆರೆದು ಬಿಗಿ ಮಾಡಿ. ಹಗ್ಗವೂ ಇದ್ದರೆ ಎಳೆದು ನೋಡಿ, ಇಂಜಿನ್ ತಪ್ಪೋ ಬ್ಯಾಟರಿ ತಪ್ಪೋ ಆಗಲೇ ತೀರ್ಮಾನ ಆಗುತ್ತದೆ.

ಬಸಿದ ಹಳೇ ಪೆಟ್ರೋಲ್ ಏನು ಮಾಡಲಿ?

ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ಕಸ ಸುಡಲು ಬಳಸುವುದಂತೂ ಬೇಡ, ಆವಿ ಭುಗ್ ಅಂತ ಮುಖಕ್ಕೇ ಹೊತ್ತಿಕೊಳ್ಳುತ್ತದೆ. ನೀರು, ಅಂಟು ಇಲ್ಲದ, ಆಯಿಲ್ ಬೆರೆಸದ, ಸ್ವಲ್ಪ ಹಳತಾದದ್ದು ಮಾತ್ರ ಆದರೆ ವಾಹನದ ಭರ್ತಿ ಟ್ಯಾಂಕ್‌ಗೆ ಒಂದು ಚೂರು ಬೆರೆಸಿ ಮುಗಿಸಬಹುದು. ಕಂದಾಗಿ ನಾರುವುದನ್ನು ಲೇಬಲ್ ಅಂಟಿಸಿದ ಕ್ಯಾನ್‌ನಲ್ಲಿಟ್ಟು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಕೊನೆಗೂ ಸ್ಟಾರ್ಟ್ ಆಯ್ತು! ಒಳಗೇ ಓಡಿಸಬಹುದಾ?

ಬೇಡ. ಶೆಡ್ಡಿನ ಬಾಗಿಲು ತೆರೆದಿದ್ದರೂ ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತುವಷ್ಟರಲ್ಲಿ ಕಾಲೂ ಏಳುವುದಿಲ್ಲ. ಹೊರಗೆ ತಂದು ಓಡಿಸಿ. ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಗಾಬರಿ ಬೇಡ, ಸಿಲಿಂಡರ್‌ಗೆ ಬಿಟ್ಟ ಆಯಿಲ್ ಉರಿಯುತ್ತಿದೆ.

ಮುಂದಿನ ಸಲ ಟ್ಯಾಂಕ್ ಖಾಲಿ ಮಾಡಿ ಇಡೋದಾ, ತುಂಬಿ ಇಡೋದಾ?

ಎರಡೂ ಸರಿ. ಅರ್ಧ ತುಂಬಿ ಮರೆತುಬಿಡುವುದು ಮಾತ್ರ ತಪ್ಪು.

ತುಂಬಿ ಇಡುವುದಾದರೆ ಹೊಸ ಪೆಟ್ರೋಲ್‌ಗೆ ಅದು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರವವನ್ನು ಡಬ್ಬಿಯ ಮೇಲೆ ಹೇಳಿದಷ್ಟು ಬೆರೆಸಿ, ಹತ್ತು ನಿಮಿಷ ಇಂಜಿನ್ ಓಡಿಸಿ. ಆಗ ಅದು ಕಾರ್ಬುರೇಟರ್ ಒಳಗೂ ತಲುಪುತ್ತದೆ. ಹಳೇ ಪೆಟ್ರೋಲ್‌ಗೆ ಇದನ್ನು ಹಾಕಿ ಪ್ರಯೋಜನವಿಲ್ಲ, ಹಳಸಿದ್ದನ್ನು ಇದು ಹೊಸದು ಮಾಡುವುದಿಲ್ಲ. ನಾನಂತೂ ಖಾಲಿ ಮಾಡುವ ಪಕ್ಷ. ಟ್ಯಾಂಕ್ ಬಸಿದು, ತಾನಾಗಿ ನಿಲ್ಲುವ ತನಕ ಓಡಿಸಿ, ಬಟ್ಟಲಿನ ಡ್ರೇನ್ ಸ್ಕ್ರೂ ತೆಗೆದು ಕೊನೆಯ ಹನಿಗಳನ್ನೂ ಇಳಿಸುತ್ತೇನೆ. ತಾನಾಗಿ ನಿಂತ ಮೇಲೂ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ, ಜೆಟ್ ಕಟ್ಟುವುದು ಆ ಸ್ವಲ್ಪವೇ.

ಇಂಜಿನ್ ಇನ್ನೂ ಬೆಚ್ಚಗಿರುವಾಗ ಹಳೇ ಆಯಿಲ್ ಬದಲಿಸಿ. ತಣ್ಣಗಾದ ಮೇಲೆ ಪ್ಲಗ್ ತೆಗೆದು ಒಂದು ಚಮಚ ಆಯಿಲ್ ಸಿಲಿಂಡರ್‌ಗೆ ಬಿಟ್ಟು ಹಗ್ಗ ಎರಡು ಸಲ ಮೆಲ್ಲಗೆ ಎಳೆಯಿರಿ, ಗೋಡೆಗೆಲ್ಲ ಹರಡುತ್ತದೆ. ಪ್ಲಗ್ ಹಾಕಿ, ಹಗ್ಗ ಬಿಗಿಯಾಗಿ ತಡೆದಂತೆ ಅನ್ನಿಸುವ ಕಡೆ ನಿಲ್ಲಿಸಿ. ಫೋರ್ ಸ್ಟ್ರೋಕ್‌ನಲ್ಲಿ ಆ ಜಾಗದಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವ ಒಳಗೆ ಹೋಗುವುದಿಲ್ಲ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಆ ಬಟ್ಟೆಯ ಒಂದು ತುದಿ ಉದ್ದಕ್ಕೆ ಹೊರಗೆ ನೇತಾಡುತ್ತಿರಲಿ, ಮುಂದಿನ ಸಲ ಹಗ್ಗ ಎಳೆಯುವ ಮುಂಚೆ ಕಣ್ಣಿಗೆ ಬೀಳಬೇಕಲ್ಲ.